‘ಥೀಸಿಸ್ ಸ್ಟೇಟ್‌ಮೆಂಟ್’ಗೆ ಕನ್ನಡದಲ್ಲಿ ಏನನ್ನೋಣ? (ಇವತ್ತು ಸಂಜೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ಪದವಿ ಮೊದಲ ವರ್ಷದ ಮಕ್ಕಳಿಗೆ, ಸಣ್ಣಕತೆಯ ಮೇಲೆ ವಿಮರ್ಶಾ ಲೇಖನ ಬರೆಯುವುದು ಹೇಗೆ ಅಂತ 4 ಪುಟದ ಕೈಪಿಡಿ ಮಾಡುತ್ತಿದ್ದೇನೆ. ಸಂಜೆ ಅಚ್ಚಿಗೆ ಹೋಗಬೇಕು. ಉದಾಹರಣೆಗೆ ಮಾಸ್ತಿಯವರ ‘ರಂಗನ ಮದುವೆ’ ತಗೊಂಡಿದ್ದೇನೆ. ಲೇಖನದ ಮೊದಲ ಪ್ಯಾರಾದಲ್ಲಿ ಒಂದು ವಾಕ್ಯ ಬರುತ್ತಲ್ಲ, ಉಳಿದ ಲೇಖನವೆಲ್ಲ ಅದನ್ನೇ ಸಾಧಿಸಿ ತೋರಿಸಬೇಕು. ಅದಕ್ಕೆ ಪದ ಬೇಕು. ‘ಪ್ರಬಂಧ ಹೇಳಿಕೆ’ ಅಂತ ಕಂಪ್ಯೂಟರ್ ಅನುವಾದ ಕೊಟ್ಟಿತು, ಅದು ಕನ್ನಡವೇ ಅಲ್ಲ. ‘ಪ್ರಮೇಯ’ ಅಂದರೆ ಮಕ್ಕಳಿಗೆ ಪೈಥಾಗೊರಸ್ ನೆನಪಾಗುತ್ತಾನೆ.

ಮರು:
ತಿರುಳು. ಜಾಸ್ತಿ ಚರ್ಚೆ ಬೇಕಿಲ್ಲ.

ಕವಿರಾಜಮಾರ್ಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದದ ನಡುವಿನ ನಾಡನ್ನು ‘ಕನ್ನಡದ ತಿರುಳ್’ ಅಂದಿದೆ. 9ನೇ ಶತಮಾನದಿಂದ ಬಾಳಿಕೊಂಡು ಬಂದ ಪದ. ‘ವಿಮರ್ಶಾ ಲೇಖನ’ವನ್ನೂ ಕೈಬಿಡಿ. ಒರೆಗೆ ಹಚ್ಚುವ ಬರಹ ಅಲ್ವಾ, ‘ಒರೆಬರಹ’ ಅನ್ನಿ. 13ನೇ ಶತಮಾನದಲ್ಲಿ ಆಂಡಯ್ಯ ತತ್ಸಮದ, ಅಂದರೆ ಇದ್ದ ಹಾಗೇ ತಂದ ಸಂಸ್ಕೃತ ಪದಗಳ, ಹಂಗಿಲ್ಲದೆ ಇಡೀ ಕಾವ್ಯ ಬರೆದ. ನಮಗೆ 4 ಪುಟ ಆಗುವುದಿಲ್ಲವೇ?

ಮರು:
‘ತಿರುಳು’ ತಪ್ಪು. ಸರಿಯಾದ ಪದ ‘ಪ್ರತಿಜ್ಞೆ’.

ನ್ಯಾಯಶಾಸ್ತ್ರದಲ್ಲಿ (ಕೋರ್ಟಿನದ್ದಲ್ಲ, ನಮ್ಮ ಹಳೆಯ ತರ್ಕಶಾಸ್ತ್ರ) ವಾದದ ಐದು ಅವಯವಗಳನ್ನು ನೋಡಿ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ‘ಬೆಟ್ಟದಲ್ಲಿ ಬೆಂಕಿ ಇದೆ’ ಪ್ರತಿಜ್ಞೆ. ‘ಹೊಗೆ ಇರುವುದರಿಂದ’ ಹೇತು. ನಿಮ್ಮ ಲೇಖನದ ಕಟ್ಟೂ ಇದೇ. ಇನ್ನು ಆಂಡಯ್ಯ ಧಾರಾಳವಾಗಿ ತದ್ಭವ, ಅಂದರೆ ರೂಪ ಬದಲಾದ ಸಂಸ್ಕೃತ ಪದಗಳನ್ನು, ಬಳಸಿದ. ಅವು ಎಲ್ಲಿಂದ ಬಂದವು?

ಮರು:
ಮೇಡಂ, ದಯವಿಟ್ಟು ‘ತಿರುಳು’ ಹಾಕಬೇಡಿ. ಪದ ಚೆನ್ನಾಗಿದೆ, ಆದರೆ ತಿರುಳು ಕತೆಯೊಳಗೆ ಮೊದಲೇ ಇರುವಂಥದ್ದು. ‘ತಿರುಳು ಬರೆಯಿರಿ’ ಅಂದ ತಕ್ಷಣ ಮಕ್ಕಳು ಸಾರಾಂಶ ಬರೆಯುತ್ತಾರೆ: ‘ಬೆಂಗಳೂರಿನಲ್ಲಿ ಓದಿ ಬಂದ ರಂಗ ಮೊದಲು ಮದುವೆ ಬೇಡ ಅಂದ, ಆಮೇಲೆ ರತ್ನಳನ್ನು ಮದುವೆಯಾದ.’ ಇದನ್ನು ಯಾರು ಇಲ್ಲ ಅಂತಾರೆ? ಯಾರೂ ಇಲ್ಲ ಅನ್ನದ ಮಾತನ್ನು ಸಾಧಿಸುವುದೇನು?

ಬೇಕಿರುವುದು ಬರೆಯುವವರು ತಾವೇ ಓದಿ, ಯೋಚಿಸಿ ಹೇಳುವ ಮಾತು. ಉದಾಹರಣೆಗೆ: ‘ತಾನೇ ಮೆಚ್ಚಿ ಮದುವೆಯಾಗುತ್ತೇನೆ ಅನ್ನುವ ರಂಗನ ಹೊಸ ವಿಚಾರ ಈ ಕತೆಯಲ್ಲಿ ಗೆಲ್ಲುವುದಿಲ್ಲ, ಅವನು ಮೆಚ್ಚುವ ಹಾಗೆ ಮಾಡಿದವನೇ ಕತೆ ಹೇಳುವ ಶ್ಯಾಮ.’ ಇದನ್ನು ಒಪ್ಪದವರು ಇರುತ್ತಾರೆ. ಹಾಗಾಗಿ ಕತೆಯಿಂದಲೇ ಆಧಾರ ಕೊಡಬೇಕು. ರತ್ನಳಿಗೆ ಹಾಡಲು ಹೇಳಿ ಅದೇ ಹೊತ್ತಿಗೆ ರಂಗನನ್ನು ಕರೆಸಿದ್ದು. ಅವಳಿಗೆ ಮದುವೆಯಾಗಿದೆ ಅಂತ ಸುಳ್ಳು ಹೇಳಿ ಅವನ ಮುಖ ನೋಡಿದ್ದು. ಶಾಸ್ತ್ರಿಗಳಿಗೆ ಮೊದಲೇ ಹೇಳಿಕೊಟ್ಟು ಜ್ಯೋತಿಷ್ಯ ಹೇಳಿಸಿದ್ದು. ಆ ಸುಳ್ಳಿನ ಜಾಗಕ್ಕೆ ಬಂದಾಗ ನನಗೆ ಶ್ಯಾಮನ ಮೇಲೆ ಪ್ರೀತಿಯೂ ಅನುಮಾನವೂ ಒಟ್ಟಿಗೇ ಬರುತ್ತವೆ. ಲೇಖನ ಶುರುವಾಗಬೇಕಾದ್ದು ಅಲ್ಲಿಂದಲೇ.

‘ಪ್ರತಿಜ್ಞೆ’ಯ ಹಿಂದಿನ ವಿಚಾರ ಸರಿ. ಪದ ಈಗ ಭೀಷ್ಮನ ಪಾಲಾಗಿದೆ, ವಾಪಸ್ ಬರುವುದಿಲ್ಲ.

ನನ್ನ ಸಲಹೆ ‘ಮುಖ್ಯ ವಾದ’. ‘ನಿನ್ನ ವಾದ ಏನು?’ ಅಂತ ಮನೆಯಲ್ಲೂ ಕೇಳುತ್ತೇವೆ.

ಮರು:
‘ಮುಖ್ಯ’ವೂ ಸಂಸ್ಕೃತ, ‘ವಾದ’ವೂ ಸಂಸ್ಕೃತ. ಎರಡು ಸಾಲ ತಂದು ಕನ್ನಡ ಅಂತೀರಿ.

ಅದೇ ಕತೆಯನ್ನು ಮತ್ತೆ ಓದಿ. ಸೌದೆ ಮಾರಲು ಬಂದ ಹೆಂಗಸಿಗೆ ರಾಮರಾಯರ ಮಗ ‘ಚೇಂಜ್’ ಇಲ್ಲ, ನಾಳೆ ಬಾ ಅನ್ನುತ್ತಾನೆ. ಆಕೆಗೆ ಅರ್ಥವಾಗುವುದಿಲ್ಲ, ಗೊಣಗಿಕೊಂಡು ಹೋಗುತ್ತಾಳೆ. ಕನ್ನಡದ ನಡುವೆ ಪರಭಾಷೆ ತರುವುದನ್ನು ಮಾಸ್ತಿಯವರ ಶ್ಯಾಮನೇ ಬೈದಿದ್ದಾನೆ.

ಮರು:
ಬೈದಿದ್ದಾನೆ, ನಿಜ. ಯಾಕೆ ಬೈದ ಅನ್ನುವುದನ್ನೂ ನೋಡಬೇಕು. ಆ ಪದ ಆಕೆಗೆ ಗೊತ್ತಿರಲಿಲ್ಲ, ಬರಬೇಕಿದ್ದ ದುಡ್ಡು ಅವತ್ತು ಯಾಕೆ ಬರಲಿಲ್ಲ ಅನ್ನುವುದೇ ಆಕೆಗೆ ತಿಳಿಯಲಿಲ್ಲ. ಪದ ಯಾವ ಭಾಷೆಯದ್ದು ಅನ್ನುವುದು ಆಕೆಗೆ ಬೇಕಾಗಿಯೂ ಇರಲಿಲ್ಲ. ‘ವಾದ’ ಅಂದಿದ್ದರೆ ಆಕೆಗೆ ತಿಳಿಯುತ್ತಿತ್ತು. ‘ಒರೆಬರಹ’ ಅಂದಿದ್ದರೆ ಮತ್ತೆ ಗೊಣಗುತ್ತಿದ್ದಳು. ಮಕ್ಕಳ ಕೈಗೆ ಹೋಗುವ ಪುಸ್ತಕದಲ್ಲಿ ಈ ಒಂದು ಪರೀಕ್ಷೆ ಸಾಕು. ಸುಮ್ನೆ ಬೇರು ಹುಡುಕುತ್ತಾ ಕೂತರೆ ಮೇಡಂ ಅವರ ಸಂಜೆ ದಾಟುತ್ತದೆ.

ಮರು:
ಇದು ಉತ್ತರವಲ್ಲ. ಬಳಸಿದರೆ ತಾನೇ ತಿಳಿಯುವುದು? ‘ಒರೆಗಲ್ಲು’ ಎಲ್ಲರಿಗೂ ಗೊತ್ತು.

ಮರು:
ಎಲ್ಲರಿಗೂ ಧನ್ಯವಾದ. ‘ಮುಖ್ಯ ವಾದ’ ಹಾಕಿ ಕಳಿಸಿದೆ. ಕೆಳಗೆ ಒಂದು ಸಾಲು ಸೇರಿಸಿದ್ದೇನೆ: ‘ಒಬ್ಬರಾದರೂ ಒಪ್ಪದಿರಬಹುದಾದ, ಕತೆಯ ಮಾತುಗಳಿಂದಲೇ ಸಾಧಿಸಬಹುದಾದ ನಿಮ್ಮ ಮಾತು.’ ಒರೆಗಲ್ಲಿನ ಮಾತೂ ಇಷ್ಟವಾಯಿತು, ‘ವಾದವನ್ನು ಕತೆಯ ಒರೆಗೆ ಹಚ್ಚಿ ನೋಡಿ’ ಅಂತ ಕೊನೆಯ ಪುಟದಲ್ಲಿ ಬಳಸಿದ್ದೇನೆ. ಕತೆ ಹೇಳುವವನಿಗೆ ‘ನಿರೂಪಕ’ ಅಂತಲೇ ಬಿಟ್ಟಿದ್ದೇನೆ. ಟಿವಿಯವರಿಗೂ ಅದೇ ಪದ, ಗೊಂದಲ ಆಗಬಹುದೇನೋ.

ಮರು:
ಹೇಳುಗ.

ಮರು:
ಕಥಕ. ‘ಹೇಳುಗ’ ಯಾವ ಊರಲ್ಲಿ ಕೇಳಿದ್ದೀರಿ?