ಸಮನರ್ಸ್ ವಾರ್ (ಮೊಬೈಲ್ ಗೇಮ್) ಅರೀನಾ: ಲುಶೆನ್‌ಗಿಂತ ಮುಂಚೆ ಎದುರಾಳಿಗೆ ಟರ್ನ್ ಸಿಗ್ತಿದೆ, ಸ್ಪೀಡ್ ಎಷ್ಟಿರಬೇಕು?

ರೂನ್_ರಂಗ:
ಅಟ್ಯಾಕ್ ಟೀಮಿನ ಮಾನ್ಸ್ಟರ್‌ಗಳು: ಬರ್ನಾರ್ಡ್, ಗ್ಯಾಲಿಯನ್, ಎರಡು ಲುಶೆನ್. ಟೋಟೆಮ್ (ಸ್ಪೀಡ್ ಏರಿಸೋ ಕಟ್ಟಡ) ಸೇರಿಸಿ ಸ್ಪೀಡ್ 230, 190, 140, 140. ಮೊದಲೆರಡು ಸರಿಯಾಗಿ ಆಡ್ತವೆ. ಆಮೇಲೆ ಸುಮಾರು 200 ಸ್ಪೀಡಿನ ಎದುರಾಳಿ ಮಧ್ಯೆ ನುಗ್ಗಿ ಲುಶೆನ್‌ಗೆ ಸ್ಟನ್ (ಟರ್ನ್ ತಪ್ಪಿಸೋ ಡಿಬಫ್) ಹಾಕುತ್ತೆ. ಲುಶೆನ್‌ಗೆ ಸ್ವಿಫ್ಟ್ ಸೆಟ್ (ಸ್ಪೀಡ್ ಏರಿಸೋ ನಾಲ್ಕು ರೂನ್, ಅಂದರೆ ಮಾನ್ಸ್ಟರ್‌ಗೆ ತೊಡಿಸೋ ಕಲ್ಲುಗಳು) ಹಾಕಲಾ? ಗ್ಯಾಲಿಯನ್‌ಗೆ ಅಕ್ಯುರಸಿ (ಎದುರಾಳಿಗೆ ಡಿಬಫ್ ತಾಗಿಸೋ ಗುಣ) ಎಷ್ಟು ಬೇಕು?

ಟಿಕ್_ಲೆಕ್ಕ:
ಕೊರತೆ ಬರೀ 5 ಸ್ಪೀಡು. ಪ್ರತಿ ಟಿಕ್‌ಗೆ (ಗೇಮ್ ಲೆಕ್ಕದ ಒಂದು ಹೆಜ್ಜೆ) ಅಟ್ಯಾಕ್ ಬಾರ್ (ತುಂಬಿದಾಗ ಟರ್ನ್ ಕೊಡೋ ಪಟ್ಟಿ) ತುಂಬೋದು ಸ್ಪೀಡಿನ 7% ಅಷ್ಟು. 100 ದಾಟಿದವರಲ್ಲಿ ಯಾರ ಬಾರ್ ಹೆಚ್ಚೋ ಟರ್ನ್ ಅವರದ್ದು.

230ರ ಬರ್ನಾರ್ಡ್ 7ನೇ ಟಿಕ್‌ನಲ್ಲಿ 112.7 ಮುಟ್ಟಿ ಆಡುತ್ತೆ. ಅದರ ಟೈಲ್‌ವಿಂಡ್ ಸ್ಕಿಲ್ ನಿಮ್ಮ ಟೀಮಿನ ಎಲ್ಲರ ಬಾರ್‌ಗೂ 30 ಸೇರಿಸಿ, ಸ್ಪೀಡನ್ನೂ 30% ಏರಿಸುತ್ತೆ. 8ನೇ ಟಿಕ್‌ನಲ್ಲಿ ಗ್ಯಾಲಿಯನ್ 140ರಲ್ಲಿ, ಎದುರಾಳಿ 112ರಲ್ಲಿ. ಇಲ್ಲಿವರೆಗೆ ತೊಂದರೆಯಿಲ್ಲ. 9ನೇ ಟಿಕ್‌ನಲ್ಲಿ ಎದುರಾಳಿ 126, ನಿಮ್ಮ ಲುಶೆನ್ 124.1. ಎಡವಟ್ಟಾಗ್ತಿರೋದು ಅಲ್ಲೇ.

ಲುಶೆನ್ 145 ಆದರೆ 9ನೇ ಟಿಕ್‌ನಲ್ಲಿ 127.4, ಮೊದಲನೆಯದು ಆಡುತ್ತೆ. 10ನೇ ಟಿಕ್‌ನಲ್ಲಿ ಎರಡನೆಯದು 140.6, ಎದುರಾಳಿ 140. ಕೂದಲೆಳೆಯ ಅಂತರ, ಹಾಗಾಗಿ 150 ಇಟ್ಟುಕೊಳ್ಳಿ.

ಸ್ಲಾಟ್_ಆರು:
ಸ್ವಿಫ್ಟ್ ಬೇಡವೇ ಬೇಡ. ಆ ನಾಲ್ಕು ರೂನ್ ಜಾಗದಲ್ಲಿ ಫೇಟಲ್ ಇದ್ದರೆ ಅಟ್ಯಾಕ್ 35%, ರೇಜ್ ಇದ್ದರೆ ಕ್ರಿಟ್ ಡ್ಯಾಮೇಜ್ (ಕ್ರಿಟಿಕಲ್ ಏಟಿನ ಹೆಚ್ಚುವರಿ ಬಲ) 40% ಸಿಗುತ್ತೆ, ಜೊತೆಗೆ ಬ್ಲೇಡ್ (ಕ್ರಿಟ್ ಬೀಳೋ ಸಾಧ್ಯತೆ ಏರಿಸೋ ಎರಡು ರೂನ್ ಸೆಟ್). 2ನೇ ಸ್ಲಾಟ್‌ನಲ್ಲೂ (ರೂನ್ ಕೂರೋ ಆರು ಜಾಗಗಳಲ್ಲಿ ಒಂದು) ಸ್ಪೀಡ್ ಹಾಕಬೇಡಿ. 6 ಸ್ಟಾರ್ +15 ರೂನ್‌ನಲ್ಲಿ 63% ಅಟ್ಯಾಕ್ ಬಿಟ್ಟು 42 ಸ್ಪೀಡ್ ತಗೊಂಡರೆ ಒಂದೇ ಏಟಿಗೆ ಯಾರೂ ಸಾಯಲ್ಲ. 4ಕ್ಕೆ ಕ್ರಿಟ್ ಡ್ಯಾಮೇಜ್, 6ಕ್ಕೆ ಅಟ್ಯಾಕ್. ಲುಶೆನ್ ಬೇಸ್ 103, ಪೂರ್ತಿ ಲೆವೆಲ್ ಟೋಟೆಮ್‌ನ 15% ಸೇರಿದರೆ ಸುಮಾರು 119. ಉಳಿದ ಮೂವತ್ತರಷ್ಟು ಆರೂ ರೂನ್‌ಗಳ ಸಬ್‌ಸ್ಟಾಟ್‌ನಿಂದ (ರೂನ್‌ನ ಮುಖ್ಯ ಗುಣದ ಜೊತೆ ಬರೋ ಉಪಗುಣ) ಬರಲಿ. ಮಾನ್ಸ್ಟರ್ ಪುಟದಲ್ಲಿ ಟೋಟೆಮ್ ಲೆಕ್ಕ ಕಾಣಲ್ಲ, ಅದನ್ನು ನೀವೇ ಕೂಡಿಸಿಕೊಳ್ಳಬೇಕು.

ಅಕ್ಯುರಸಿ ವಿಷಯ: ಲುಶೆನ್ ದಾಳಿಯಲ್ಲಿ ಎಸೆಯೋ ಮೂರು ಕಾರ್ಡೂ ಡಿಫೆನ್ಸ್ ಲೆಕ್ಕಕ್ಕೇ ತಗೊಳ್ಳಲ್ಲ. ಅದಕ್ಕೆ ಬೇಕಿರೋದು ಗ್ಯಾಲಿಯನ್ ಕೊಡೋ ಅಟ್ಯಾಕ್ ಬಫ್ ಮಾತ್ರ, ಬಫ್‌ಗೆ ಅಕ್ಯುರಸಿ ಬೇಡ. ಲುಶೆನ್ ಬದಲು ಜೂಲಿ ಅನ್ನೋ ಮಾನ್ಸ್ಟರ್ ತಂದರೆ ಮಾತು ಬೇರೆ. ಆಗ ಗ್ಯಾಲಿಯನ್‌ನ ಡಿಫೆನ್ಸ್ ಬ್ರೇಕ್ (ಎದುರಾಳಿ ಡಿಫೆನ್ಸ್ ಇಳಿಸೋ ಡಿಬಫ್) ಬೀಳಲೇಬೇಕು. ಎಷ್ಟೇ ಅಕ್ಯುರಸಿ ಇದ್ದರೂ 15% ಸಲ ರೆಸಿಸ್ಟ್ ಆಗೇ ಆಗುತ್ತೆ.

ರೂನ್_ರಂಗ:
ಲುಶೆನ್ ಸಬ್‌ಸ್ಟಾಟ್‌ನಲ್ಲಿ ಸ್ಪೀಡ್ ಸಿಗ್ತಿಲ್ಲ. ಬರ್ನಾರ್ಡ್‌ಗೇ ಏರಿಸಿದ್ರೆ ನಡೆಯುತ್ತಾ?

ಟಿಕ್_ಲೆಕ್ಕ:
ನಡೆಯುತ್ತೆ, ಆದರೆ 239 ಮುಟ್ಟಬೇಕು. 205ರಿಂದ 238ರವರೆಗೆ ಬರ್ನಾರ್ಡ್ ಆಡೋದು 7ನೇ ಟಿಕ್‌ನಲ್ಲೇ, ನಡುವೆ 235 ಮಾಡಿದರೆ ಲುಶೆನ್‌ಗೆ ಏನೂ ಲಾಭವಿಲ್ಲ. 239 ಆದರೆ 6ನೇ ಟಿಕ್‌ನಲ್ಲೇ ಆಡುತ್ತೆ. ಆಗ 140ರ ಲುಶೆನ್ 8ನೇ ಟಿಕ್‌ನಲ್ಲಿ 114.3, ಎದುರಾಳಿ 112.

ಸ್ಲಾಟ್_ಆರು:
ಒಂದು ಎಚ್ಚರಿಕೆ. ಎದುರಾಳಿ ಲೀಡರ್‌ಗೆ ಸ್ಪೀಡ್ ಲೀಡರ್ ಸ್ಕಿಲ್ (ತನ್ನ ಟೀಮಿನ ಸ್ಪೀಡ್ ಏರಿಸೋದು) ಇದ್ದರೆ 200 ಅನ್ನೋ ಅಂದಾಜೇ ತಪ್ಪುತ್ತೆ. ಬೆಂಕಿ ಮಾನ್ಸ್ಟರ್‌ಗಳೇ ತುಂಬಿರೋ ಡಿಫೆನ್ಸನ್ನೂ ಬಿಟ್ಟುಬಿಡಿ. ಲುಶೆನ್ ಗಾಳಿ ಎಲಿಮೆಂಟ್, ಬೆಂಕಿ ಮುಂದೆ ಅದರ ಏಟು ಗ್ಲಾನ್ಸಿಂಗ್ (ದುರ್ಬಲ ಏಟು) ಆಗಬಹುದು; ಗ್ಲಾನ್ಸಿಂಗ್ ಬಿದ್ದರೆ ಆ ಕಾರ್ಡ್‌ಗೆ ಕ್ರಿಟ್ ಸಿಗಲ್ಲ.