ಅಮ್ಮನ ದಿನದ ಆಯವ್ಯಯ

ಮೇ ತಿಂಗಳ ಎರಡನೆಯ ಭಾನುವಾರಕ್ಕೆ ಇನ್ನೂ ನಾಲ್ಕು ದಿನ ಬಾಕಿ ಇರುವಾಗಲೇ ನಮ್ಮ ಗೆಳೆಯರ ಕೂಟದಲ್ಲಿ ಅದರ ಪ್ರಸ್ತಾಪ ಬಂದಿತು. ಊರವರ ಲೆಕ್ಕಪತ್ರಗಳನ್ನು ತಿದ್ದುತ್ತಲೇ ತಲೆಗೂದಲನ್ನು ಕಳೆದುಕೊಂಡ ನಮ್ಮ ಲೆಕ್ಕಿಗ ಗೆಳೆಯ, ಯಾರೂ ಕೇಳದಿದ್ದರೂ ಅಂಕಿಗಳಿಂದಲೇ ಮಾತು ಆರಂಭಿಸಿದ.

“ಅಮೆರಿಕದ ಚಿಲ್ಲರೆ ವ್ಯಾಪಾರಿಗಳ ರಾಷ್ಟ್ರೀಯ ಒಕ್ಕೂಟ 2023ರಲ್ಲಿ ಮಾಡಿದ ಅಂದಾಜಿನಂತೆ, ಆ ಒಂದು ದೇಶದಲ್ಲೇ ಅಮ್ಮಂದಿರ ದಿನದ ಖರ್ಚು 3,570 ಕೋಟಿ ಡಾಲರ್. ಆಚರಿಸುವ ತಲೆಯೊಂದಕ್ಕೆ ಸುಮಾರು 274 ಡಾಲರ್ ಬೀಳುತ್ತದೆ. ಅದೇ ವರ್ಷ ಅಪ್ಪಂದಿರ ದಿನಕ್ಕೆ ಅಂದಾಜಾಗಿದ್ದು 2,290 ಕೋಟಿ ಮಾತ್ರ.”

“ಆ ‘ಮಾತ್ರ’ ಎಂಬ ಪದವನ್ನು ಅಪ್ಪಂದಿರ ಪರವಾಗಿ ಖಂಡಿಸುತ್ತೇನೆ,” ಎಂದು ಎರಡು ಮಕ್ಕಳ ತಂದೆಯಾದ ಗೆಳೆಯ ನೆಟ್ಟಗೆ ಕುಳಿತ. “ನನ್ನ ಮನೆಯ ಮಟ್ಟಿಗೆ ಹೇಳುವುದಾದರೆ, ಎರಡೂ ಹಬ್ಬಗಳ ಖರ್ಚು ಹೊರಡುವುದು ಒಂದೇ ಜೇಬಿನಿಂದ.”

ಇತಿಹಾಸ ಕಲಿಸಿ ನಿವೃತ್ತರಾದ ಮೇಷ್ಟ್ರು ಅಷ್ಟರಲ್ಲಿ ಕನ್ನಡಕ ಒರೆಸಲು ತೊಡಗಿದ್ದರು. ಅವರು ಕನ್ನಡಕ ಒರೆಸಿದರೆ ಪಾಠ ಶುರುವಾಗುತ್ತದೆಂದೇ ಅರ್ಥ.

“ಈ ದಿನವನ್ನು ಹುಟ್ಟುಹಾಕಿದ ಆನಾ ಜಾರ್ವಿಸ್ ನಿಮ್ಮ ಮಾತು ಕೇಳಿದ್ದರೆ ಇಲ್ಲಿಯೇ ಜಗಳಕ್ಕೆ ನಿಲ್ಲುತ್ತಿದ್ದರಯ್ಯಾ. ತಾಯಿ ತೀರಿಕೊಂಡ ಮೂರು ವರ್ಷಗಳ ಬಳಿಕ, 1908ರ ಮೇ 10ರಂದು, ವೆಸ್ಟ್ ವರ್ಜೀನಿಯಾದ ಗ್ರಾಫ್ಟನ್ ಊರಿನ ಚರ್ಚಿನಲ್ಲಿ ನಡೆದ ಪ್ರಾರ್ಥನೆಗೆ ಆಕೆ 500 ಬಿಳಿ ಕಾರ್ನೇಷನ್ ಹೂಗಳನ್ನು ಕಳುಹಿಸಿದರು. 1914ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಅಧಿಕೃತ ಘೋಷಣೆಯನ್ನೂ ಹೊರಡಿಸಿದರು. ಮುಂದೆ ಬಿಳಿ ಹೂವು ಸಾಲದಾದಾಗ ಹೂವಿನ ವ್ಯಾಪಾರಿಗಳು, ತಾಯಿ ಬದುಕಿದ್ದರೆ ಕೆಂಪು ಹೂವು, ತೀರಿಕೊಂಡಿದ್ದರೆ ಬಿಳಿ ಹೂವು ಎಂಬ ಹೊಸ ಶಾಸ್ತ್ರವನ್ನೇ ಹಬ್ಬಿಸಿದರು.”

“ಭಲೇ!” ಎಂದ ಲೆಕ್ಕಿಗ. ದಾಸ್ತಾನಿನ ಕೊರತೆಯನ್ನು ಇಷ್ಟು ಭಕ್ತಿಯಿಂದ ಸರಿದೂಗಿಸಿದ್ದನ್ನು ಆತ ತನ್ನ ವೃತ್ತಿಜೀವನದಲ್ಲೇ ಕಂಡಿರಲಿಲ್ಲವಂತೆ.

“ನಿನ್ನ ಭಲೇ ಆಕೆಗೆ ಬೇಕಿರಲಿಲ್ಲ. ಹೂವಿನವರು, ಮಿಠಾಯಿಯವರು, ಶುಭಾಶಯ ಪತ್ರ ಅಚ್ಚುಹಾಕುವವರು, ಎಲ್ಲರ ಮೇಲೂ ಆಕೆ ಸಮರ ಸಾರಿದರು. 1925ರಲ್ಲಿ ಈ ಹೂವಿನ ಮಾರಾಟವನ್ನು ವಿರೋಧಿಸಲು ಹೋಗಿ, ಶಾಂತಿಭಂಗದ ಆರೋಪದಲ್ಲಿ ಬಂಧನಕ್ಕೂ ಒಳಗಾದರು. ಆಕೆ ಮದುವೆಯಾಗಲಿಲ್ಲ, ತಾಯಿಯೂ ಆಗಲಿಲ್ಲ. 1948ರಲ್ಲಿ ಬರಿಗೈಯಲ್ಲಿ ತೀರಿಕೊಂಡರು.”

ಒಂದು ನಿಮಿಷ ಯಾರೂ ಮಾತನಾಡಲಿಲ್ಲ. ಲೆಕ್ಕಿಗನ ತುಟಿಗಳು ಮಾತ್ರ ಅಲುಗಾಡುತ್ತಿದ್ದವು. “ಶೇಕಡ ಒಂದರಂತೆ ಕೊಟ್ಟರೂ ಆಕೆಗೆ ವರ್ಷಕ್ಕೆ 35 ಕೋಟಿ 70 ಲಕ್ಷ ಡಾಲರ್ ಸಲ್ಲಬೇಕಿತ್ತು,” ಎಂದು ಆತ ಪಿಸುಗುಟ್ಟಿದ. ಸಂತಾಪ ಸೂಚಿಸಲು ಆತನಿಗೆ ಗೊತ್ತಿರುವ ದಾರಿ ಅದೊಂದೇ.

ಮೇಷ್ಟ್ರು ಇನ್ನೊಂದು ಸೂಕ್ಷ್ಮವನ್ನೂ ಹೇಳಿದರು. ಅದು ಏಕವಚನದ ದಿನವಾಗಬೇಕು, ಪ್ರತಿಯೊಬ್ಬರೂ ತಮ್ಮ ಒಬ್ಬ ತಾಯಿಯನ್ನು ನೆನೆಯಬೇಕು ಎಂಬುದು ಆನಾ ಅವರ ಹಟವಾಗಿತ್ತಂತೆ. ನಾವೋ ಸಲೀಸಾಗಿ ‘ಅಮ್ಮಂದಿರ ದಿನ’ ಎಂದು ಬಹುವಚನದಲ್ಲಿ ಕರೆದು, ಒಂದೇ ಚಿತ್ರವನ್ನು ನಲವತ್ತು ಗುಂಪುಗಳಿಗೆ ರವಾನಿಸಿ ಋಣ ತೀರಿಸಿಕೊಳ್ಳುತ್ತೇವೆ.

ಉಡುಗೊರೆಯ ವಿಷಯದಲ್ಲಿ ನನ್ನ ಅನುಭವವನ್ನೂ ಹೇಳಿಬಿಡುತ್ತೇನೆ. ಕಳೆದ ವರ್ಷ ನಾನು ಅಮ್ಮನಿಗೆ ಹೆಜ್ಜೆ ಎಣಿಸುವ ಕೈಗಡಿಯಾರವೊಂದನ್ನು ತಂದುಕೊಟ್ಟೆ. ಅಮ್ಮ ಮೊದಲು ಬೆಲೆ ಕೇಳಿದರು. ನಾನು ಅರ್ಧಕ್ಕೆ ಇಳಿಸಿ ಹೇಳಿದೆ. ಆ ಅರ್ಧವೂ ಹೆಚ್ಚಾಯಿತೆಂದು ಬೈಸಿಕೊಂಡೆ. ಬಳಿಕ ಅವರು ಪೊಟ್ಟಣದ ಕಾಗದವನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ, ಅಂಗೈಯಿಂದ ತೀಡಿ, ನಾಲ್ಕು ಮಡಿಕೆ ಮಾಡಿ ಹಾಸಿಗೆಯ ಕೆಳಗಿಟ್ಟರು. ಉಡುಗೊರೆಯಲ್ಲಿ ಅವರಿಗೆ ನಿಜವಾಗಿ ಹಿಡಿಸಿದ್ದು ಆ ಕಾಗದವೇ ಇರಬೇಕು. ಮೂರನೆಯ ಸಂಜೆ ಗಡಿಯಾರ ಗುಂಯ್ ಎಂದು ನಡುಗಿ, ಮನೆಯ ಹೊಸಿಲು ದಾಟದೆಯೇ ಹನ್ನೊಂದು ಸಾವಿರ ಹೆಜ್ಜೆ ನಡೆದದ್ದಕ್ಕೆ ಅಭಿನಂದನೆ ಸಲ್ಲಿಸಿತು. ನಲವತ್ತು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಅಮ್ಮನ ಓಡಾಟವನ್ನು ಗಮನಿಸಿ ಮೆಚ್ಚುಗೆಯ ಮಾತಾಡಿದ ಮೊದಲ ಸದಸ್ಯ ಅದೇ. ಅಪ್ಪ ಮರುದಿನವೇ ಅದರ ಬಗ್ಗೆ ಅಸಮಾಧಾನ ವ್ಯಕ್ತಪಡಿಸಿದರು.

“ಇದೆಲ್ಲ ಬೇಡ,” ಎಂದರು ಮೇಷ್ಟ್ರು. “ಅಚ್ಚಾದ ಪತ್ರ ಕಳಿಸುವುದು ಬರೆಯುವುದಕ್ಕೆ ಸೋಮಾರಿತನ ಎಂದು ಆನಾ ಅವರೇ ಮೂದಲಿಸುತ್ತಿದ್ದರು. ಕೈಬರಹದಲ್ಲಿ ಒಂದು ಕಾಗದ ಬರೆಯಿರಿ.”

ಕಾಸಿನ ಖರ್ಚಿಲ್ಲದ ಈ ಸಲಹೆಯನ್ನು ಲೆಕ್ಕಿಗ ತಕ್ಷಣ ಅನುಮೋದಿಸಿದ. ಕಾಗದ ಸಿಕ್ಕಿತು, ಮಸಿ ಇರುವ ಪೆನ್ನು ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ‘ತೀರ್ಥರೂಪು ಅಮ್ಮನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಕ್ಷೇಮ’ ಎಂಬಲ್ಲಿಯವರೆಗೆ ಆತನ ಬರವಣಿಗೆ ಸರಾಗವಾಗಿ ಸಾಗಿತು. ಆಮೇಲೆ ಪೆನ್ನು ನಿಂತಿತು. ಆತ ಹಣೆ ಉಜ್ಜಿಕೊಂಡ, ಸೂರು ನೋಡಿದ, ಕೊನೆಗೆ ಏನನ್ನೋ ಗೀಚಿ ಮುಗಿಸಿ ತಾನೇ ಬೆಚ್ಚಿಬಿದ್ದ. ಮೇಷ್ಟ್ರು ಹಾಳೆಯನ್ನು ತೆಗೆದುಕೊಂಡು ಗಟ್ಟಿಯಾಗಿ ಓದಿದರು:

“ಹಾಸ್ಟೆಲಿನ ಫೀಜು ಕಟ್ಟಲು ತುರ್ತಾಗಿ ಹಣ ಬೇಕಾಗಿದೆ.”

ಅಮ್ಮನಿಗೆ ಆತ ಹಿಂದೆ ಬರೆದಿದ್ದ ಕಾಗದಗಳೆಲ್ಲ ಆ ಒಂದೇ ಬಗೆಯವು. ಕೈಗೆ ಬೇರೆ ವಾಕ್ಯ ಗೊತ್ತಿರಲಿಲ್ಲ.