ಮೊಸಾಯಿಕ್ ನ್ಯಾನೋಕಣ ಕೊಟ್ಟರೂ ಪ್ರತಿಕಾಯಗಳ ವ್ಯಾಪ್ತಿ ಹಿಗ್ಗುತ್ತಿಲ್ಲ, ಎಲ್ಲಿ ಹುಡುಕಬೇಕು?

ಪ್ರಶ್ನೆ:
ಹಲವು ತಳಿಗಳ ತುಣುಕುಗಳನ್ನು ಒಂದೇ ಕಣದ ಮೇಲೆ ಬೆರೆಸಿ ಕೂರಿಸುವ ಮೊಸಾಯಿಕ್ ಲಸಿಕೆಗಾಗಿ, ಎಂಟು ಸಾರ್ಬೆಕೋವೈರಸ್‌ಗಳ (ಸಾರ್ಸ್ ಬಳಗದ ಕೊರೊನಾವೈರಸ್‌ಗಳು) ಆರ್‌ಬಿಡಿಗಳನ್ನು (ಕೋಶದ ಗ್ರಾಹಕಕ್ಕೆ ಅಂಟುವ ಸ್ಪೈಕ್ ಭಾಗ) ಸ್ಪೈಟ್ಯಾಗ್ ಎಂಬ ಪೆಪ್ಟೈಡ್ ಕೊಂಡಿಯ ಮೂಲಕ, ಅದನ್ನು ಹಿಡಿಯುವ ಸ್ಪೈಕ್ಯಾಚರ್003 ಹೊತ್ತ ಎಂಐ3 ಪ್ರೋಟೀನ್ ಕಣಕ್ಕೆ ಕೂಡಿಸಿದ್ದೇವೆ. ಕ್ಯಾಚರ್‌ಗೆ ಹೋಲಿಸಿದರೆ ಒಟ್ಟು ಆರ್‌ಬಿಡಿ ಮೋಲ್ ಲೆಕ್ಕದಲ್ಲಿ ಎರಡು ಪಟ್ಟು. ಕೋಣೆಯ ಉಷ್ಣತೆಯಲ್ಲಿ ರಾತ್ರಿಯಿಡೀ ಬಿಟ್ಟು ಗಾತ್ರದ ಮೇಲೆ ಬೇರ್ಪಡಿಸುವ ಸೂಪರೋಸ್ 6 ಕಾಲಂನಲ್ಲಿ ಹಾಯಿಸಿದ್ದೇವೆ. ಜೆಲ್‌ನಲ್ಲಿ ಬ್ಯಾಂಡ್ ಚೊಕ್ಕಟವಾಗಿದೆ. ಇಲಿಗಳಿಗೆ 0 ಮತ್ತು 28ನೇ ದಿನ, ಆರ್‌ಬಿಡಿ ಲೆಕ್ಕದಲ್ಲಿ 5 ಮೈಕ್ರೋಗ್ರಾಂ, ಆಡ್ಜುವಂಟ್ (ರೋಗನಿರೋಧಕ ಪ್ರತಿಕ್ರಿಯೆ ಹೆಚ್ಚಿಸುವ ವಸ್ತು) ಸಮೇತ. ಕಣದಲ್ಲಿ ಸಾರ್ಸ್-ಕೋವ್-1 ಸೇರಿಸಿಲ್ಲ. ಅದರ ವಿರುದ್ಧ ಎಲೈಸಾ ಟೈಟರ್ (ಅಂಟುವ ಪ್ರತಿಕಾಯಗಳ ಮಟ್ಟ) ಮಾತ್ರ, ಬರೀ ಸಾರ್ಸ್-ಕೋವ್-2 ಆರ್‌ಬಿಡಿ ಹೊತ್ತ ಕಣದ ಗುಂಪಿನಷ್ಟೇ ಬರುತ್ತಿದೆ. ತಳಿಗಳ ಆಯ್ಕೆಯಲ್ಲೇ ತಪ್ಪಿದೆಯೇ?

ಉತ್ತರ 1:
ತಳಿಗಳನ್ನು ಮುಟ್ಟುವ ಮೊದಲು ಕಣ ನಿಜಕ್ಕೂ ಮೊಸಾಯಿಕ್ ಆಗಿದೆಯೇ ನೋಡಿ. ಎಂಟೂ ಆರ್‌ಬಿಡಿಗಳ ತೂಕ ಹತ್ತಿರಹತ್ತಿರ ಇರುವುದರಿಂದ ಜೆಲ್ ಬ್ಯಾಂಡ್ 'ಏನೋ ಕೂಡಿಕೊಂಡಿದೆ' ಎನ್ನುತ್ತದೆ, ಯಾವುದು ಎಷ್ಟು ಎಂದು ಹೇಳುವುದಿಲ್ಲ. ಕಣದ ಮೇಲಿನ 60 ಜಾಗಕ್ಕೆ ಎಂಟು ತಳಿ ಎಂದರೆ ಒಂದೊಂದಕ್ಕೆ ಸರಾಸರಿ 7.5 ಪ್ರತಿ. ಎರಡು ಪಟ್ಟು ಸುರಿದಾಗ ಅರ್ಧ ಆರ್‌ಬಿಡಿಗೆ ಜಾಗವೇ ಸಿಗುವುದಿಲ್ಲ. ಆಗ ಬೇಗ ಕೂಡಿಕೊಳ್ಳುವವೇ ಜಾಗ ಹಿಡಿಯುತ್ತವೆ. 1.1ರಿಂದ 1.2 ಪಟ್ಟಿಗೆ ಇಳಿಸಿದರೆ ಈ ಪೈಪೋಟಿ ಬಹಳ ತಗ್ಗುತ್ತದೆ.

ಇನ್ನೊಂದು, ಸಾಂದ್ರತೆ ಅಳೆದದ್ದು ಹೇಗೆ? 280 ನ್ಯಾನೋಮೀಟರ್ ಬೆಳಕಿನ ಹೀರಿಕೆಯ ಓದಿಗೆ ಎಲ್ಲಕ್ಕೂ ಒಂದೇ ಹೀರಿಕೆ ಗುಣಾಂಕ ಹಾಕಿದರೆ ಸಮಮೋಲ್ ಮಿಶ್ರಣ ಹೆಸರಿಗಷ್ಟೇ. ಈ ಬೆಳಕು ಹೀರುವ ಟ್ರಿಪ್ಟೋಫಾನ್, ಟೈರೋಸಿನ್ ಎಣಿಕೆ ತಳಿಯಿಂದ ತಳಿಗೆ ಬೇರೆ ಇರಬಹುದು, ಹಾಗಾಗಿ ಪ್ರತಿ ಅನುಕ್ರಮಕ್ಕೂ ಗುಣಾಂಕ ಬೇರೆಯಾಗಿ ಲೆಕ್ಕ ಹಾಕಿ. ಗ್ಲೈಕಾನ್ (ಪ್ರೋಟೀನಿಗೆ ಅಂಟಿದ ಸಕ್ಕರೆ ಸರಪಳಿ) ತೂಕ ಬೆರೆಸದೆ ಪಾಲಿಪೆಪ್ಟೈಡ್ ತೂಕದಿಂದಲೇ ಮೋಲ್ ತೆಗೆಯಿರಿ.

ಖಚಿತಪಡಿಸಲು ಸ್ಯಾಂಡ್‌ವಿಚ್ ಎಲೈಸಾ ಮಾಡಿ: ಒಂದು ತಳಿಗಷ್ಟೇ ಅಂಟುವ ಮೊನೊಕ್ಲೋನಲ್ ಪ್ರತಿಕಾಯದಿಂದ ಕಣವನ್ನು ಹಿಡಿದು, ಇನ್ನೊಂದು ತಳಿಗಷ್ಟೇ ಅಂಟುವುದರಿಂದ ಪತ್ತೆ ಮಾಡಿ. ಒಂದೊಂದೇ ತಳಿಯ ಕಣಗಳನ್ನು ಬೆರೆಸಿದ ಮಾದರಿಯಲ್ಲಿ ಸಂಕೇತ ಬರಬಾರದು. ಸಿಆರ್3022, ಎಸ್309 ಪ್ರತಿಕಾಯಗಳು ಇದಕ್ಕೆ ಬೇಡ. ಎರಡೂ ಸಾರ್ಸ್-ಕೋವ್-1 ಮತ್ತು 2 ಎರಡಕ್ಕೂ ಅಂಟುತ್ತವೆ. ಎಲ್ಲ ತಳಿಗೂ ಇಂಥ ಪ್ರತಿಕಾಯ ಸಿಗದಿದ್ದರೆ ಟ್ರಿಪ್ಸಿನ್‌ನಲ್ಲಿ ಕತ್ತರಿಸಿ, ಆಯಾ ತಳಿಗೇ ವಿಶಿಷ್ಟವಾದ ಪೆಪ್ಟೈಡ್‌ಗಳನ್ನು ಮಾಸ್ ಸ್ಪೆಕ್‌ನಲ್ಲಿ ಅಳೆಯಿರಿ.

ಉತ್ತರ 2:
ಮೇಲಿನದಕ್ಕೆ ನನ್ನ ಒಪ್ಪಿಗೆಯಿದೆ, ಆದರೆ ಅಳತೆಯ ಮೇಲೂ ನನಗೆ ಅಷ್ಟೇ ಅನುಮಾನ. ಪ್ಲೇಟಿಗೆ ಹಚ್ಚಿದ ಆರ್‌ಬಿಡಿಗೂ ಲಸಿಕೆಯದಕ್ಕೂ ಒಂದೇ ಹಿಸ್ ಟ್ಯಾಗ್ (ಶುದ್ಧೀಕರಣಕ್ಕೆ ಜೋಡಿಸುವ ಹಿಸ್ಟಿಡಿನ್ ಬಾಲ) ಅಥವಾ ಸ್ಪೈಟ್ಯಾಗ್ ಇದ್ದರೆ ಟ್ಯಾಗ್ ವಿರುದ್ಧದ ಪ್ರತಿಕಾಯಗಳೂ ಲೆಕ್ಕಕ್ಕೆ ಬರುತ್ತವೆ, ಎರಡು ಗುಂಪಿನ ವ್ಯತ್ಯಾಸ ಅಲ್ಲೇ ಮುಚ್ಚಿಹೋಗುತ್ತದೆ. ಅದೇ ಟ್ಯಾಗ್ ಇರುವ, ವೈರಸ್‌ಗೆ ಸಂಬಂಧವಿಲ್ಲದ ಒಂದು ಪ್ರೋಟೀನನ್ನು ಪಕ್ಕದ ಬಾವಿಗಳಿಗೆ ಹಚ್ಚಿ ನೋಡಿ.

ಅಂಟುವಿಕೆಯ ಟೈಟರ್ ಒಂದನ್ನೇ ನಂಬಬೇಡಿ. ಸೀರಮನ್ನು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, ಕಣದಲ್ಲಿಲ್ಲದ ತಳಿಯ ಸ್ಯೂಡೋವೈರಸ್ (ಆ ತಳಿಯ ಸ್ಪೈಕ್ ಹೊತ್ತ ಬದಲಿ ವೈರಸ್) ಮೇಲೆ ತಟಸ್ಥೀಕರಣ, ಅಂದರೆ ಸೋಂಕು ತಡೆಯುವ ಶಕ್ತಿ, ಪರೀಕ್ಷಿಸಿ. ಏಕತಳಿ ಕಣ ಕೊಟ್ಟ ಇಲಿಗಳಲ್ಲೂ ಅಡ್ಡ-ಅಂಟುವಿಕೆ ಇದ್ದೇ ಇರುತ್ತದೆ.

ಪ್ರಶ್ನಿಸಿದವರು:
ಗುಣಾಂಕ ಎಲ್ಲಕ್ಕೂ ಒಂದೇ ಹಾಕಿದ್ದೆವು. ಟ್ಯಾಗ್ ಕೂಡ ಎರಡೂ ಕಡೆ ಹಿಸ್. ಇವೆರಡನ್ನೂ ಸರಿಪಡಿಸಿದ ಮೇಲೂ ವ್ಯತ್ಯಾಸ ಕಾಣದಿದ್ದರೆ?

ಉತ್ತರ 1:
ಆಗ ತಳಿಗಳ ಸರದಿ. ಇಡೀ ವಿನ್ಯಾಸ ನಿಂತಿರುವುದು ಒಂದು ಊಹೆಯ ಮೇಲೆ: ಬಿ ಕೋಶದ ಗ್ರಾಹಕಕ್ಕೆ ಎರಡು ತೋಳು. ಅಕ್ಕಪಕ್ಕದ ಆರ್‌ಬಿಡಿಗಳು ಬೇರೆಬೇರೆಯಾದರೆ, ಎರಡರಲ್ಲೂ ಸಮಾನವಾದ ಜಾಗ ಗುರುತಿಸುವ ಕೋಶ ಮಾತ್ರ ಎರಡೂ ತೋಳು ಊರಿ ಗಟ್ಟಿಯಾಗಿ ಹಿಡಿಯಬಲ್ಲದು. ನೆರೆಯವು ತೀರಾ ಹೋಲುವಂತಿದ್ದರೆ ಬದಲಾಗುವ ಜಾಗ ಗುರುತಿಸುವ ಕೋಶಕ್ಕೂ ಅದೇ ಅನುಕೂಲ ಸಿಕ್ಕಿಬಿಡುತ್ತದೆ. ಆರ್‌ಬಿಡಿಗಳನ್ನು ಜೋಡಿಜೋಡಿಯಾಗಿ ಹೋಲಿಸಿ ಶೇಕಡಾವಾರು ಪಟ್ಟಿ ಮಾಡಿ. ಬಾವಲಿ ವೈರಸ್‌ಗಳಾದ ಎಸ್‌ಎಚ್‌ಸಿ014, ಡಬ್ಲ್ಯುಐವಿ1 ಎರಡೂ ಸಾರ್ಸ್-ಕೋವ್-1ರ ಬಳಗದವು, ಆರ್‌ಎಸ್4081 ತರಹದ ಹೆಸರುಗಳನ್ನು ನೋಡಿ ಬೇರೆ ಎಂದುಕೊಳ್ಳದೆ ಅನುಕ್ರಮವನ್ನೇ ನೋಡಿ. ಈ ಬಳಗದ್ದೇ ಕಣದಲ್ಲಿದ್ದರೆ ಸಾರ್ಸ್-ಕೋವ್-1 ಕಠಿಣ ಪರೀಕ್ಷೆಯಾಗುವುದಿಲ್ಲ. ದೂರದ ಬಳಗದ ಬಿಟಿಕೆವೈ72 ಅಥವಾ ಬಿಎಂ-4831 ಆರ್‌ಬಿಡಿಯನ್ನೂ ಪ್ಲೇಟಿಗೆ ಸೇರಿಸಿ.